ಎಂಬತ್ತರ ದಶಕದ ಹಾಡುಗಳಲ್ಲಿ ಕೆಲವು ಉಳಿದು ಕೆಲವು ಮರೆತುಹೋದದ್ದೇಕೆ?

ಪ್ರಶ್ನೆ: ಅಟ್ಟದ ಟ್ರಂಕು

ಮಾನ್ಯರೇ,

ಕಳೆದ ತಿಂಗಳು ಊರಿನ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ತಗಡಿನ ಟ್ರಂಕೊಂದರಲ್ಲಿ 41 ಕ್ಯಾಸೆಟ್‌ಗಳು ಸಿಕ್ಕವು. ಅವುಗಳಲ್ಲಿ ಹತ್ತು ಹನ್ನೆರಡು ಮಾತ್ರ ಕಂಪನಿಗಳು ಹೊರತಂದವು. ಉಳಿದವೆಲ್ಲ, ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಕೊಟ್ಟುಬಂದರೆ ನಾಲ್ಕು ದಿನ ಬಿಟ್ಟು ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿಯಲ್ಲಿ ನನ್ನ ಅಣ್ಣ 1981ರಿಂದ 1988ರವರೆಗೆ ಮಾಡಿಸಿಕೊಂಡವು. ಪ್ರತಿಯೊಂದರ ಡಬ್ಬಿಯೊಳಗೂ ಅವನ ದುಂಡನೆಯ ಅಕ್ಷರದಲ್ಲಿ ಬರೆದ ಪಟ್ಟಿ ಇದೆ. ಅಣ್ಣ ಈಗಿಲ್ಲವಾದ್ದರಿಂದ ಕೇಳಿ ತಿಳಿಯುವ ದಾರಿಯಿಲ್ಲ.

ಪಟ್ಟಿಗಳನ್ನು ಓದುತ್ತಾ ಹೋದಂತೆ ನನಗೊಂದು ಸಂದೇಹ ಬಂದಿತು. ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆಜೊತೆಯಲಿ’, ‘ಆಟೋ ರಾಜ’ದ ‘ನಲಿವಾ ಗುಲಾಬಿ ಹೂವೆ’, ‘ಬಂಧನ’ದ ‘ನೂರೊಂದು ನೆನಪು’ ಇಂತಹ ಹಾಡುಗಳನ್ನು ನನ್ನ ಮಗಳ ಗೆಳತಿಯರೂ, ಅಂದರೆ ಆ ಚಿತ್ರಗಳು ಬಂದಾಗ ಇನ್ನೂ ಹುಟ್ಟದಿದ್ದವರೂ, ಪೂರ್ತಿಯಾಗಿ ಹಾಡಬಲ್ಲರು. ಆದರೆ ಅದೇ ಕ್ಯಾಸೆಟ್ಟಿನಲ್ಲಿ, ಅದೇ ಬದಿಯಲ್ಲಿ, ಅವುಗಳ ಅಕ್ಕಪಕ್ಕದಲ್ಲೇ ಇರುವ ಹಾಡುಗಳಲ್ಲಿ ಸುಮಾರು ಅರ್ಧದಷ್ಟರ ಮೊದಲ ಸಾಲನ್ನು ಎರಡು ಬಾರಿ ಓದಿದರೂ ನನಗೆ ರಾಗ ನೆನಪಾಗುವುದಿಲ್ಲ. ಜೇಬುಖರ್ಚಿಗೆ ತಂದೆಯವರ ಮುಂದೆ ನಿಲ್ಲುತ್ತಿದ್ದ ಹುಡುಗನೊಬ್ಬ ಹಾಡಿಗೆ ಇಷ್ಟೆಂದು ಹಣ ತೆತ್ತು ಬರೆಸಿಕೊಂಡ ಮೇಲೆ ಅವೂ ಆ ವರ್ಷದ ಜನಪ್ರಿಯ ಹಾಡುಗಳೇ ಆಗಿದ್ದಿರಬೇಕಲ್ಲವೇ? ಒಳ್ಳೆಯವು ಉಳಿದವು, ಸಾಧಾರಣವಾದವು ಹೋದವು ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಾಗುತ್ತಿಲ್ಲ. ಬಲ್ಲವರು ಬೇರೆ ಕಾರಣಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

ಇದರ ಜೊತೆಗೆ ಒಂದು ಚಿಕ್ಕ ಕೋರಿಕೆಯೂ ಇದೆ. 1983ನೆಯ ಇಸವಿ ಎಂದು ಬರೆದಿರುವ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ‘ನಗು ಎಂದಿದೆ’ ಮುಗಿದ ಮೇಲೆ ಸುಮಾರು ನಲವತ್ತು ಸೆಕೆಂಡಿನಷ್ಟು ಬೇರೊಂದು ಹಾಡು ಇದ್ದು, ಅಲ್ಲಿಗೆ ಟೇಪು ಮುಗಿಯುತ್ತದೆ. ಅಣ್ಣ ಪಟ್ಟಿಯಲ್ಲಿ ‘ಹೊಸದು, ಪೂರ್ತಿ ಇಲ್ಲ’ ಎಂದಷ್ಟೇ ಬರೆದಿದ್ದಾನೆ. ಧ್ವನಿ ಮಂದವಾಗಿದ್ದು, ಹಾಡುತ್ತಿರುವವರು ಗಂಡಸರೆಂಬುದು ಮಾತ್ರ ತಿಳಿಯುತ್ತದೆ. ಇಂತಹುದನ್ನು ಸ್ಪಷ್ಟಗೊಳಿಸುವ ಬಗೆ ಇದೆಯೇ?

ಉತ್ತರ 1: ಗೋಷ್ಠಿಯ ಕೀಬೋರ್ಡು

ನಾನು 1982ರಿಂದ ಹನ್ನೆರಡು ವರ್ಷ ಹಾಸನ, ಚಿಕ್ಕಮಗಳೂರು ಸೀಮೆಯ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡು ನುಡಿಸುತ್ತಿದ್ದವನು. ಗಣಪತಿ ಪೆಂಡಾಲಿನಿಂದ ರಾಜ್ಯೋತ್ಸವದವರೆಗಿನ ಮೂರು ತಿಂಗಳು ನಮಗೆ ಸುಗ್ಗಿಯ ಕಾಲ. ನನ್ನ ಅನುಭವದಲ್ಲಿ, ಚಿತ್ರ ಚಿತ್ರಮಂದಿರದಿಂದ ಹೋದ ಮೇಲೂ ಹಾಡು ಬದುಕಿರಬೇಕಾದರೆ ಅದನ್ನು ಪೆಂಡಾಲಿನಲ್ಲಿ ಯಾರಾದರೂ ಹಾಡುತ್ತಲೇ ಇರಬೇಕಿತ್ತು. ಟೂ ಇನ್ ವನ್, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಸೇರಿದ ಯಂತ್ರ, ಇದ್ದ ಮನೆಗಳು ಊರಿಗೆ ನಾಲ್ಕೋ ಐದೋ. ಪೆಂಡಾಲಿನ ಮುಂದೆ ಮಾತ್ರ ಇಡೀ ಊರೇ ಕೂತಿರುತ್ತಿತ್ತು.

ಹಾಗೆ ನೋಡಿದರೆ, ಯಾವ ಹಾಡನ್ನು ನಮ್ಮಂತಹ ಎಂಟು ಮಂದಿಯ ತಂಡ ನುಡಿಸಬಲ್ಲದು ಎಂಬುದೇ ಆ ಹಾಡಿನ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತಿತ್ತು. ‘ಗೀತಾ’ (1981) ಚಿತ್ರದ ‘ಸಂತೋಷಕ್ಕೆ ಹಾಡು ಸಂತೋಷಕ್ಕೆ’ ಹಾಡನ್ನು ಒಬ್ಬ ಒಳ್ಳೆಯ ಡ್ರಮ್ಸ್ ವಾದಕ, ಒಂದು ಬೇಸ್ ಗಿಟಾರು, ಗಟ್ಟಿ ಕಂಠದ ಒಬ್ಬ ಹುಡುಗ ಇದ್ದರೆ ಯಾವ ಊರಿನಲ್ಲಾದರೂ ನಿಲ್ಲಿಸಬಹುದಾಗಿತ್ತು. ಚಿತ್ರದಲ್ಲಿ ಶಂಕರ್‌ನಾಗ್ ಅವರದ್ದು ವೇದಿಕೆಯ ಮೇಲೆ ಹಾಡುವ ಗಾಯಕನ ಪಾತ್ರವೇ ಆದ್ದರಿಂದ, ಹಾಡು ಹುಟ್ಟಿದ್ದೇ ವೇದಿಕೆಗಾಗಿ ಎಂಬಂತೆ ಇತ್ತು. ಅದಕ್ಕೆ ಸಂಗೀತ ನೀಡಿದ ಇಳಯರಾಜ ಅವರ ಇನ್ನು ಕೆಲವು ಹಾಡುಗಳ ಕಥೆ ಬೇರೆ. ಪಿಟೀಲುಗಳ ಒಂದು ಸಾಲು ಒಂದು ಸ್ವರವನ್ನು ಹಿಡಿದಿದ್ದರೆ ಮತ್ತೊಂದು ಸಾಲು ಅದಕ್ಕೆ ಎದುರಾಗಿ ಇಳಿಯುತ್ತಾ ಬರುತ್ತದೆ. ಮದರಾಸಿನ ಧ್ವನಿಮುದ್ರಣ ಶಾಲೆಗಳಲ್ಲಿ ಹತ್ತಾರು ವಾದಕರು ಕೂತು ನುಡಿಸಿದ್ದನ್ನು ಒಂದು ಆರ್ಗನ್ನಿನಲ್ಲಿ ತುಂಬಿಸಹೊರಟರೆ ಅದು ಮದುವೆಮನೆಯ ಬ್ಯಾಂಡಿನಂತೆ ಕೇಳಿಸುತ್ತಿತ್ತು. ಅಂತಹ ಹಾಡುಗಳನ್ನು ಎರಡು ಸಲ ಪ್ರಯತ್ನಿಸಿ ಕೈಬಿಡುತ್ತಿದ್ದೆವು. ಯಮಹಾ ಕಂಪನಿಯ ಡಿಎಕ್ಸ್7 ಎಂಬ ಎಲೆಕ್ಟ್ರಾನಿಕ್ ಕೀಬೋರ್ಡು 1983ರಲ್ಲೇ ಹೊರಬಂದಿದ್ದರೂ ನಮ್ಮ ಕೈಗೆ ಅದು ಎಟುಕುವಂತಿರಲಿಲ್ಲ. ನಮಗೆ ದಕ್ಕಿದ್ದು ಬಹಳ ತಡವಾಗಿ, ಯಾರದೋ ಸಂಬಂಧಿಕರು ದುಬೈಯಿಂದ ತಂದ ಕ್ಯಾಸಿಯೋ.

ಡಿಸ್ಕೋ ಹಾಡುಗಳಿಗೆ ಒದಗಿದ್ದು ಇನ್ನೊಂದು ಗತಿ. ಬಪ್ಪಿ ಲಹಿರಿ ಅವರು ಕನ್ನಡದಲ್ಲಿ ಸಂಗೀತ ನೀಡಿದ ‘ಆಫ್ರಿಕಾದಲ್ಲಿ ಶೀಲಾ’ (1986) ಚಿತ್ರದ ಶೀಲಾಳ ಹಾಡನ್ನು ಒಂದೇ ರಾತ್ರಿ ಮೂರು ಸಲ ನುಡಿಸಿದ್ದುಂಟು, ಅದೂ ಕೇಳುಗರಿಂದ ಕೋರಿಕೆಯ ಚೀಟಿಯ ಮೇಲೆ ಚೀಟಿ ಬಂದಿದ್ದರಿಂದ. ಎರಡು ವರ್ಷ ಕಳೆಯುವಷ್ಟರಲ್ಲಿ ಚೀಟಿ ಬರುವುದು ನಿಂತೇಹೋಯಿತು. ಅಷ್ಟರಲ್ಲಿ ‘ಪ್ರೇಮಲೋಕ’ ಬಂದಿತ್ತು.

ನನ್ನ ವಾದಕ್ಕೆ ನಾನೇ ಒಂದು ಅಪವಾದವನ್ನೂ ಹೇಳಿಬಿಡುತ್ತೇನೆ. ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ಯ (1983) ‘ನಗುವ ನಯನ’ವನ್ನು ನಾವು ಸರಿಯಾಗಿ ನುಡಿಸಿದ್ದು ಒಮ್ಮೆಯೂ ಇಲ್ಲ. ಆದರೂ ಅದು ಉಳಿಯಿತು. ಆ ಚಿತ್ರದ ವಾದ್ಯಸಂಗೀತವನ್ನು ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಳಸಿಕೊಂಡದ್ದರಿಂದ, ಚಿತ್ರದ ಹೆಸರೇ ಗೊತ್ತಿಲ್ಲದ ಕೋಟ್ಯಂತರ ಜನರ ಕಿವಿಗೂ ಆ ಸ್ವರಗಳು ಬಿದ್ದವು. ಹಾಡನ್ನು ಉಳಿಸುವವರು ಯಾವ ಬಾಗಿಲಿನಿಂದ ಬರುತ್ತಾರೋ ಹೇಳಲಾಗದು.

ಉತ್ತರ 2: ನಲವತ್ತೈದು ಸುತ್ತು

ಕೀಬೋರ್ಡಿನವರ ಮಾತು ಸೊಗಸಾಗಿದೆ, ಆದರೆ ಅವರು ಹಾಡು ಕೇಳುಗರನ್ನು ತಲುಪಿದ ಮೇಲಿನ ಕಥೆಯನ್ನು ಹೇಳುತ್ತಿದ್ದಾರೆ. ನಾನು ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವವನಾದ್ದರಿಂದ ಅದಕ್ಕೂ ಹಿಂದಿನದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಹಾಡುಗಳ ಸಂಖ್ಯೆಯನ್ನು ಗಮನಿಸಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 1981ರ ಫೆಬ್ರುವರಿ 8ರಂದು ಬೆಂಗಳೂರಿನಲ್ಲಿ, ಉಪೇಂದ್ರಕುಮಾರ್ ಅವರ ಸಂಗೀತ ನಿರ್ದೇಶನದಲ್ಲಿ, ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರೊಳಗೆ 21 ಕನ್ನಡ ಹಾಡುಗಳನ್ನು ಹಾಡಿದ ದಾಖಲೆಯನ್ನು ನಾವೆಲ್ಲರೂ ಹೆಮ್ಮೆಯಿಂದ ಉದ್ಧರಿಸುತ್ತೇವೆ. ಆದರೆ ಆ ಇಪ್ಪತ್ತೊಂದರಲ್ಲಿ ಐದನ್ನಾದರೂ ಹೆಸರಿಸಿ ಎಂದು ನಾನು ಹಲವು ಕೂಟಗಳಲ್ಲಿ ಕೇಳಿದ್ದೇನೆ, ಉತ್ತರಿಸಿದವರಿಲ್ಲ. ದಾಖಲೆ ನೆನಪಿನಲ್ಲಿದೆ, ಹಾಡುಗಳಿಲ್ಲ. ಒಂದೇ ದಿನಕ್ಕೆ ಇಷ್ಟು ಹಾಡುಗಳು ಸಿದ್ಧವಾಗುತ್ತಿದ್ದ ಕಾಲದಲ್ಲಿ ಒಂದು ಹಾಡಿಗೆ ಕೇಳುಗರ ಕಿವಿಯಲ್ಲಿ ನೆಲೆಯೂರಲು ಸಿಗುತ್ತಿದ್ದ ಅವಧಿ ಎಷ್ಟಿದ್ದೀತು? ಇದರಿಂದ ಗಾಯಕರಿಗಾಗಲಿ ಸಂಗೀತ ನಿರ್ದೇಶಕರಿಗಾಗಲಿ ಕುಂದಿಲ್ಲ. ಅದೇ ಉಪೇಂದ್ರಕುಮಾರ್ ಅವರ ‘ಧ್ರುವತಾರೆ’ (1985), ‘ರಥಸಪ್ತಮಿ’ (1986) ಚಿತ್ರಗಳ ಹಾಡುಗಳು ಇಂದಿಗೂ ಕೇಳಿಬರುತ್ತವೆ.

ಎರಡನೆಯದು ತಟ್ಟೆಯ ಅಳತೆ. ದಶಕದ ಆರಂಭದಲ್ಲಿ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಬರುತ್ತಿದ್ದುದು ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ಇಪಿ ತಟ್ಟೆಗಳಲ್ಲಿ. ಒಂದರಲ್ಲಿ ನಾಲ್ಕು ಹಾಡು ಹಿಡಿದರೆ ಹೆಚ್ಚು. ಐದನೆಯ ಹಾಡು ತಟ್ಟೆಗೆ ಬರದೇ ಹೋದರೆ ಅದು ಚಿತ್ರದ ರೀಲಿನಲ್ಲಿ ಮಾತ್ರ ಉಳಿಯುತ್ತಿತ್ತು, ರೀಲು ಹಾಳಾದಾಗ ಅದರೊಡನೆಯೇ ಹೋಗುತ್ತಿತ್ತು. ಟೆಂಟಿನ ಮುಂದೆ ಮಾರುತ್ತಿದ್ದ ಪದ್ಯಾವಳಿಯಲ್ಲಿ ಮಾತ್ರ ಅದರ ಸಾಹಿತ್ಯ ಇರುತ್ತಿತ್ತು. ನನ್ನ ಬಳಿ ಇರುವ ಪದ್ಯಾವಳಿಗಳಲ್ಲಿ ನಾನು ಓದಿಯಷ್ಟೇ ಬಲ್ಲ, ಒಮ್ಮೆಯೂ ಕೇಳಿರದ ಹಾಡುಗಳು ಎಷ್ಟೋ ಇವೆ. ಪ್ರಶ್ನೆ ಕೇಳಿದವರ ಪರಿಸ್ಥಿತಿಗೂ ನನ್ನದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ.

ಕ್ಯಾಸೆಟ್ಟು ಈ ಲೆಕ್ಕವನ್ನೇ ಬದಲಾಯಿಸಿತು. 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ಕ್ಕೆ ಹಂಸಲೇಖ ಅವರು ಸಾಹಿತ್ಯ, ಸಂಗೀತ ಎರಡನ್ನೂ ತಾವೇ ರಚಿಸಿ, ಕಥೆಯ ಬಹುಭಾಗವನ್ನು ಹಾಡುಗಳಲ್ಲೇ ಹೇಳಿಸಿದರು. ಕಾಲೇಜು ಹುಡುಗರು ನಿಜವಾಗಿ ಆಡುವ ಮಾತು ಪ್ರಾಸ ಕಟ್ಟಿಕೊಂಡು ಹಾಡಿನೊಳಕ್ಕೆ ಬಂದದ್ದು ಹಿರಿಯರಿಗೆ ರುಚಿಸಲಿಲ್ಲ. ಪತ್ರಿಕೆಗಳ ಓದುಗರ ಓಲೆಗಳಲ್ಲಿ ಬೈಗುಳವೂ ಬಂದಿತ್ತೆಂದು ನನ್ನ ನೆನಪು. ಆದರೆ ಲಹರಿ ಸಂಸ್ಥೆ ಹೊರತಂದ ಅದರ ಕ್ಯಾಸೆಟ್ಟು ಬಾಡಿಗೆ ಕಾರು, ಹೋಟೆಲು, ಕ್ಷೌರದ ಅಂಗಡಿಗಳನ್ನೆಲ್ಲ ಹೊಕ್ಕಿತು. ಇಲ್ಲೊಂದು ಸೂಕ್ಷ್ಮವಿದೆ. ತಟ್ಟೆಯಲ್ಲಾದರೆ ಮುಳ್ಳನ್ನು ಎತ್ತಿ ಬೇಕಾದ ಹಾಡಿನ ಮೇಲೆ ಇಡಬಹುದಿತ್ತು. ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿದರೆ ಬ್ಯಾಟರಿ ಸೆಲ್ಲುಗಳು ಬೇಗ ಮುಗಿಯುತ್ತಿದ್ದವು, ಸೆಲ್ಲಿನ ಬೆಲೆ ನಮಗೆ ಹಗುರವಾಗಿರಲಿಲ್ಲ. ಹಾಗಾಗಿ ‘ನೋಡಮ್ಮ ಹುಡುಗಿ’, ‘ಯಾರಿವಳು ಯಾರಿವಳು’ ಹಾಡುಗಳಿಗಾಗಿ ಹಾಕಿದ ಕ್ಯಾಸೆಟ್ಟು ನಡುವಿನ ಎಲ್ಲವನ್ನೂ ಕೇಳಿಸುತ್ತಿತ್ತು. ಆ ಚಿತ್ರದ ಅಷ್ಟೇನೂ ಹೆಸರು ಮಾಡದ ಹಾಡುಗಳು ಕೂಡ ನಮಗೆ ಬಾಯಿಪಾಠವಾಗಿರುವುದಕ್ಕೆ ಈ ಜಿಪುಣತನವೂ ಒಂದು ಕಾರಣವೆಂದು ನಾನು ಗಂಭೀರವಾಗಿಯೇ ನಂಬಿದ್ದೇನೆ.

ಕೊನೆಯದಾಗಿ, ರಾಗಗಳ ಮರುಬಳಕೆ. ‘ಜೊತೆಯಲಿ’ಯ ಧಾಟಿಯನ್ನು ಇಳಯರಾಜ ಅವರೇ 1984ರ ತಮಿಳಿನ ‘ನೂರಾವದು ನಾಳ್’ ಚಿತ್ರದಲ್ಲೂ, 2007ರ ಹಿಂದಿಯ ‘ಚೀನಿ ಕಮ್’ ಚಿತ್ರದಲ್ಲೂ ಬಳಸಿದರು. ಪ್ರತಿ ಬಾರಿಯೂ ‘ಇದು ನಮ್ಮ ಗೀತಾ ಹಾಡಲ್ಲವೇ’ ಎಂದು ಕನ್ನಡಿಗರು ಎದ್ದು ನಿಂತರು, ಮೂಲವನ್ನು ಹುಡುಕಿ ಮಕ್ಕಳಿಗೆ ಕೇಳಿಸಿದರು. ಅಂತಹ ಎರಡನೆಯ ಜನ್ಮ ಎಲ್ಲ ಹಾಡುಗಳಿಗೂ ದೊರೆಯುವುದಿಲ್ಲ.

ಉತ್ತರ 3: ಕಾಫಿ ತೋಟದವಳು

ನೀವೆಲ್ಲರೂ ಚಲನಚಿತ್ರದ ಹಾಡುಗಳನ್ನೇ ಮಾತನಾಡುತ್ತಿದ್ದೀರಿ. ಪಾಪ್ ಎಂದೇ ಕರೆಸಿಕೊಂಡ ಸಂಗೀತದಲ್ಲಿ ನಮ್ಮವರೇ ಒಬ್ಬರಿದ್ದರೆಂಬುದನ್ನು ಮರೆತಿರುವುದೂ ಇದೇ ಮರೆವಿನ ಲೆಕ್ಕಕ್ಕೆ ಸೇರಬೇಕು. ‘ಕುರ್ಬಾನಿ’ (1980) ಚಿತ್ರಕ್ಕೆ ಹದಿನೈದರ ಹುಡುಗಿ ನಾಜಿಯಾ ಹಸನ್ ಅವರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿ, ಮರುವರ್ಷವೇ ‘ಡಿಸ್ಕೋ ದೀವಾನೆ’ ಆಲ್ಬಮ್ಮನ್ನು ರೂಪಿಸಿದ ಸಂಗೀತ ನಿರ್ದೇಶಕ ಬಿದ್ದು ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ಲಂಡನ್ನಿಗೆ ಹೋಗುವ ಮುನ್ನ ಬೆಂಗಳೂರಿನಲ್ಲೇ ತಂಡ ಕಟ್ಟಿಕೊಂಡು ಹಾಡುತ್ತಿದ್ದವರು. ‘ಡಿಸ್ಕೋ ದೀವಾನೆ’ಗೆ ಚಲನಚಿತ್ರದ ಆಸರೆಯೇ ಇರಲಿಲ್ಲ, ಸಿನಿಮಾ ಇಲ್ಲದೆ ಹಾಡು ಗೆಲ್ಲಬಹುದೆಂದು ಇಡೀ ಉಪಖಂಡಕ್ಕೆ ತೋರಿಸಿಕೊಟ್ಟ ಕೆಲಸ ಅದು. ಮಡಿಕೇರಿಯಲ್ಲಿ ನಮ್ಮ ಮದುವೆಗಳಲ್ಲಿ ವಾಲಗ ನಿಂತ ಮೇಲೆ ಹಾಕುತ್ತಿದ್ದುದು ಅದನ್ನೇ. ಆದರೂ ಕನ್ನಡದ ಸಂಗೀತ ಚರ್ಚೆಗಳಲ್ಲಿ ಅವರ ಹೆಸರು ಬರುವುದು ಅಪರೂಪ, ಬಹುಶಃ ಅವರು ಕನ್ನಡದಲ್ಲಿ ಹಾಡು ಮಾಡಿ ಹೆಸರಾಗಲಿಲ್ಲವೆಂಬ ಕಾರಣಕ್ಕೆ.

ಉತ್ತರ 4: ಎರಡು ಗೆರೆಯ ನೋಟುಪುಸ್ತಕ

ಮೇಲಿನ ಉತ್ತರಗಳನ್ನು ಓದಿದ ಮೇಲೆ ನನಗೆ ಏಳುವ ಮೊದಲ ಪ್ರಶ್ನೆ, ಮರೆತವರು ಯಾರು ಎಂಬುದು. ಪೆಂಡಾಲಿನ ವೇದಿಕೆಯೂ, ತಟ್ಟೆಗಳ ಸಂಗ್ರಹವೂ, ಹಾಡು ತುಂಬಿಸಿಕೊಡುವ ಅಂಗಡಿಯೂ ಬಹುಮಟ್ಟಿಗೆ ಗಂಡಸರ ಜಾಗಗಳು. ದಾವಣಗೆರೆಯಲ್ಲಿ ನಾವು ಮೂವರು ಅಕ್ಕತಂಗಿಯರು ಆಕಾಶವಾಣಿಯ ಕೋರಿಕೆ ಕಾರ್ಯಕ್ರಮವನ್ನು ಕೇಳುತ್ತಾ ನೋಟುಪುಸ್ತಕದಲ್ಲಿ ಹಾಡು ಬರೆದುಕೊಳ್ಳುತ್ತಿದ್ದೆವು. ಒಂದು ಪ್ರಸಾರದಲ್ಲಿ ಪೂರ್ತಿ ಬರೆಯಲಾಗುತ್ತಿರಲಿಲ್ಲವಾದ್ದರಿಂದ ಪಲ್ಲವಿ ಒಬ್ಬಳಿಗೆ, ಮೊದಲ ಚರಣ ಇನ್ನೊಬ್ಬಳಿಗೆ, ಎರಡನೆಯದು ನನಗೆ ಎಂದು ಹಂಚಿಕೊಂಡಿದ್ದೆವು. ನನಗೆ ಇಂದಿಗೂ ಹಲವು ಹಾಡುಗಳ ಎರಡನೆಯ ಚರಣವೇ ಮೊದಲು ನೆನಪಾಗುವುದು ಇದರಿಂದ. ‘ಜನ್ಮ ಜನ್ಮದ ಅನುಬಂಧ’ದ (1980) ‘ತಂಗಾಳಿಯಲ್ಲಿ ನಾನು ತೇಲಿಬಂದೆ’, ‘ಗಾಳಿಮಾತು’ (1981) ಚಿತ್ರದ ‘ಒಮ್ಮೆ ನಿನ್ನನ್ನು’, ಹೀಗೆ ಎಸ್. ಜಾನಕಿ ಅವರು ಒಬ್ಬರೇ ಹಾಡಿದ ಹಾಡುಗಳನ್ನು ಪೆಂಡಾಲಿನಲ್ಲಿ ಹಾಡುವ ಹುಡುಗಿಯರು ಆಗ ಎಷ್ಟಿದ್ದರು? ನಮ್ಮ ಬೀದಿಯಲ್ಲಿ ಅಂತಹ ಒಬ್ಬಳನ್ನೂ ನಾನು ಕಾಣೆ, ಮನೆಯವರು ಬಿಡುತ್ತಿರಲಿಲ್ಲ. ಹಾಡುಗಳು ಉಳಿದದ್ದು ಅಡುಗೆಮನೆಯಲ್ಲಿ, ಹೂ ಕಟ್ಟುವಾಗ, ಮಗುವನ್ನು ಮಲಗಿಸುವಾಗ. ವಾದ್ಯವೇ ಬೇಡದ ಹಾಡಿಗೆ ಪಿಟೀಲಿನ ಕೊರತೆ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲಿ ಬಂದ ಮೇಲೆ ಎಂಬತ್ತರ ದಶಕದಲ್ಲಿ ಭಾವಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ಬಂದವು, ಸಿ. ಅಶ್ವತ್ಥ್ ಅವರ ಧ್ವನಿಯಲ್ಲಿ ಶಿಶುನಾಳ ಷರೀಫರ ಪದಗಳೂ ಬಂದವು. ನಮ್ಮ ಶಾಲಾ ಕಾಲೇಜುಗಳ ಗಾಯನ ಸ್ಪರ್ಧೆಯ ಸೂಚನಾಪತ್ರದಲ್ಲಿ ‘ಚಿತ್ರಗೀತೆಗಳಿಗೆ ಅವಕಾಶವಿಲ್ಲ’ ಎಂದು ತಪ್ಪದೇ ಮುದ್ರಿಸುತ್ತಿದ್ದರು. ಆದ್ದರಿಂದ ಭಾವಗೀತೆಯನ್ನು ಪ್ರತಿ ವರ್ಷ ಹೊಸ ಮಕ್ಕಳು ಕಲಿತರು. ಚಿತ್ರಗೀತೆಯನ್ನು ಯಾರೂ ಕುಳಿತು ಕಲಿಸಲಿಲ್ಲ, ತಾನಾಗಿ ಕಿವಿಗೆ ಬಿದ್ದಷ್ಟೇ ಉಳಿಯಿತು. ಮರೆತ ಹಾಡುಗಳಿಗಾಗಿ ಕೊರಗುವ ಮುನ್ನ ಅವುಗಳನ್ನು ವೇದಿಕೆಯ ಹೊರಗೆ ನಿಲ್ಲಿಸಿದ್ದು ಯಾರೆಂದೂ ನೋಡಬೇಕಾಗುತ್ತದೆ. ನಾನೂ ಮುಂದೆ ಶಿಕ್ಷಕಿಯಾಗಿ ಅದೇ ಸೂಚನಾಪತ್ರಕ್ಕೆ ಸಹಿ ಹಾಕಿದವಳೇ.

ಉತ್ತರ 5: ಟೇಪು ಒರೆಸುವವನು

ಕೋರಿಕೆಯ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ದಯವಿಟ್ಟು ಆ ಕ್ಯಾಸೆಟ್ಟನ್ನು ಮನೆಯಲ್ಲಿರುವ ಹಳೆಯ ಪ್ಲೇಯರಿಗೆ ಮತ್ತೆ ಮತ್ತೆ ಹಾಕಬೇಡಿ. ಮೊದಲು ಟೇಪಿನ ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಟೇಪನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ಟೇಪಿನ ಧ್ವನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡು ಉದುರಿಹೋಗಿದ್ದರೆ ಧ್ವನಿ ನೀವು ಹೇಳಿದಂತೆಯೇ ಮಂದವಾಗುತ್ತದೆ. ಬೇರೊಂದು ಕೆಟ್ಟ ಕ್ಯಾಸೆಟ್ಟಿನ ತುಂಡನ್ನು ತೆಗೆದು ಇದಕ್ಕೆ ಕೂರಿಸಬಹುದು. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಇಷ್ಟಾದರೂ ಮಂದವಾಗಿಯೇ ಇದ್ದರೆ ಕಾರಣ ಹೆಡ್ಡಿನ ಓರೆ. ಅಣ್ಣನವರ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ನಿಮ್ಮ ಯಂತ್ರದ್ದೂ ಅದೇ ಕೋನದಲ್ಲಿರಬೇಕು. ಇಲ್ಲವಾದರೆ ತಾರಸ್ವರಗಳೆಲ್ಲ ಮಸುಕಾಗುತ್ತವೆ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು, ಹಾಡು ನಡೆಯುತ್ತಿರುವಾಗಲೇ, ಕೂದಲೆಳೆಯಷ್ಟು ತಿರುಗಿಸುತ್ತಾ ‘ಸ’ಕಾರ ‘ಶ’ಕಾರಗಳು ಎಲ್ಲಿ ಸ್ಪಷ್ಟವಾಗುತ್ತವೆಯೋ ಅಲ್ಲಿ ನಿಲ್ಲಿಸಿ. ಹೊಂದಿಸುವುದನ್ನು ‘ನಗು ಎಂದಿದೆ’ ಹಾಡಿನ ಮೇಲೆ ಮಾಡಬೇಡಿ, ಅಪರಿಚಿತ ತುಣುಕಿನ ಮೇಲೆಯೇ ಮಾಡಿ, ಏಕೆಂದರೆ ಎರಡೂ ಒಂದೇ ಯಂತ್ರದಲ್ಲಿ ಮುದ್ರಣವಾಗಿರಲಾರವು. ಅಂಗಡಿಯವರು ಪಟ್ಟಿಯಲ್ಲಿಲ್ಲದ ಅರ್ಧ ಹಾಡನ್ನು ಬರೆದುಕೊಡುವುದಿಲ್ಲ. ಅದನ್ನು ಉಳಿದ ಟೇಪಿನಲ್ಲಿ ಮನೆಯಲ್ಲೇ ಸೇರಿಸಿರಬೇಕು. ಕ್ಯಾಸೆಟ್ಟು ಸಿ-90, ಅಂದರೆ ತೊಂಬತ್ತು ನಿಮಿಷದ್ದು, ಆಗಿದ್ದರೆ ಟೇಪು ತೆಳುವಾಗಿರುವುದರಿಂದ ಹಿಂದಕ್ಕೆ ಮುಂದಕ್ಕೆ ಜೋರಾಗಿ ಓಡಿಸದೆ ಒಮ್ಮೆಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಅಟ್ಟದ ಟ್ರಂಕು

ಎಲ್ಲರಿಗೂ ಕೃತಜ್ಞತೆಗಳು. ಟೇಪಿನವರು ಹೇಳಿದಂತೆ ಫೆಲ್ಟ್ ಬದಲಿಸಿ, ಸ್ಕ್ರೂ ತಿರುಗಿಸಿ ಕೇಳಿದೆ. ಅವರ ಊಹೆ ಸರಿಯಾಗಿದೆ, ತುಣುಕು ಅಂಗಡಿಯದ್ದಲ್ಲ. ರೇಡಿಯೋದ ಎದುರು ಟೇಪ್ ರೆಕಾರ್ಡರ್ ಇಟ್ಟು ಅದರದೇ ಮೈಕಿನಿಂದ ಹಿಡಿದದ್ದು. ಹಿಂದೆ ನಮ್ಮ ಮನೆಯ ಕುಕ್ಕರು ಎರಡು ಸಲ ಕೂಗುವುದೂ, ಯಾರೋ ಬಾಗಿಲು ಸರಿಸುವುದೂ ಕೇಳುತ್ತದೆ. ಹಾಡುತ್ತಿರುವವರು ಎಸ್.ಪಿ.ಬಿ. ಅವರೇ ಎಂಬುದರಲ್ಲಿ ಈಗ ನನಗೆ ಅನುಮಾನವಿಲ್ಲ. ಆದರೆ ಕೇಳುವುದು ಪಲ್ಲವಿಯಲ್ಲ, ಚರಣದ ಕೊನೆ. ಪಲ್ಲವಿಗೆ ಮರಳುವ ಮೊದಲೇ ಟೇಪು ಮುಗಿದಿದೆ. ಕುಕ್ಕರು ಕೂಗಿದಲ್ಲೇ ಎರಡು ಪದಗಳು ಮುಚ್ಚಿಹೋಗಿವೆ.

ಎರಡನೆಯ ಚರಣಗಳನ್ನು ಮೊದಲು ನೆನಪಿಡುವ ದಾವಣಗೆರೆಯ ಸಹೋದರಿಯವರಿಗೆ ವಿಶೇಷ ವಿನಂತಿ. ತುಣುಕನ್ನು ಈ ಸಂದೇಶದೊಡನೆ ಸೇರಿಸಿದ್ದೇನೆ. ದಯವಿಟ್ಟು ಒಮ್ಮೆ ಕೇಳಿ, ನಿಮ್ಮ ನೋಟುಪುಸ್ತಕದಲ್ಲಿ ಇದೆಯೇ ನೋಡಿ ಹೇಳಿ.